ದಡವನ್ನು ಮೇಲಿನಿಂದ ಓದಿದವನು

ಹೊಳೆಯ ತಿರುವಿನಲ್ಲಿದ್ದ ಆ ಮಠದಲ್ಲಿ ಹೊಸ ಶಿಷ್ಯನಿಗೆ ಪುಸ್ತಕ ಕೊಡುತ್ತಿರಲಿಲ್ಲ. ಗುದ್ದಲಿ ಕೊಡುತ್ತಿದ್ದರು.

ಮಠದ ಹಿಂದೆ ಹೊಳೆ ಕೊರೆದ ಕಡಿದಾದ ದಡವಿತ್ತು. ಅದರ ಮೈಮೇಲಿನ ಹಾವಸೆ, ಬಳ್ಳಿ, ಬೇರುಗಳನ್ನು ಕೆರೆದು ಒಳಗಿನ ಮಣ್ಣನ್ನು ಕಾಣಿಸುವುದೇ ಮೊದಲ ವರ್ಷದ ಪಾಠ. ಅದಕ್ಕೆ ದಡ ಓದುವುದು ಎನ್ನುತ್ತಿದ್ದರು.

ಆ ವರ್ಷ ಬಂದ ಶಿಷ್ಯ ರಾಚಯ್ಯ. ಊರಿನಲ್ಲಿ ತಾಳೆಗರಿ ಓದಿ ಅರ್ಥ ಹೇಳುತ್ತಿದ್ದವನು. ಓದು ತನಗೆ ಹೊಸದಲ್ಲ ಎಂದುಕೊಂಡೇ ಗುದ್ದಲಿ ಹಿಡಿದಿದ್ದ.

ಬಿಸಿಲು ವರ್ಷದಿಂದ ವರ್ಷಕ್ಕೆ ಏರುತ್ತಿತ್ತು. ಮಳೆ ಬಾರದೆ ಕಾಯಿಸುತ್ತಿತ್ತು. ಬಂದರೆ ಒಮ್ಮೆಲೇ ಸುರಿದು, ಹೊಳೆ ಕಲ್ಲುಗಳನ್ನು ಉರುಳಿಸಿಕೊಂಡು ಬರುತ್ತಿತ್ತು. ಹಿಂದಿನ ವರ್ಷ ಕೆಳಗಿನ ಅಂಬಿಗರ ಕೇರಿಯ ಒಂದು ಸಾಲು ಮನೆಗಳೇ ಹೋಗಿದ್ದವು.

ಒಂದು ಬೆಳಿಗ್ಗೆ ಆ ಕೇರಿಯ ಹಿರಿಯಳು ನೀಲವ್ವ ಮಠಕ್ಕೆ ಬಂದಳು. ಎಲ್ಲರೂ ಅಜ್ಜಾರು ಎನ್ನುತ್ತಿದ್ದ ಗುರುಗಳು ಆಚೆ ದಡಕ್ಕೆ ಹೋಗಿದ್ದರು.

"ಗಾಡಿ ಹೇರಿ ನಿಲ್ಲಿಸೀನ್ರಿ ಸ್ವಾಮಿ," ಎಂದಳು. "ಹೋಗು ಅಂದ್ರ ಗುಡ್ಡ ಹತ್ತತೀವಿ. ಇರು ಅಂದ್ರ ಇರತೀವಿ. ಸೊಸಿಗೆ ದಿನ ತುಂಬ್ಯಾವು. ಅಜ್ಜಾರನ್ನ ಕೇಳೂಣು ಅಂತ ಬಂದೆ."

"ಅಜ್ಜಾರು ಯಾಕ? ದಡದಾಗ ಬರದೈತಿ, ನಾನ ಓದೀನಿ," ಎಂದ ರಾಚಯ್ಯ. "ಇಂಥಾ ಬಿಸಿಲು ಹಿಂದೂ ಬಂದಿತ್ತು. ಮೊದಲು ಗುಂಡುಕಲ್ಲು. ಆಮೇಲೆ ಸುಟ್ಟ ಕೆಂಪು ಮಣ್ಣು. ಕಡೀಕ ಕರಿಮಣ್ಣಿನಾಗ ಅಂಗೈ ಅಗಲದ ಎಲಿ. ಬಿಸಿಲು ಹೋತು, ಕಾಡು ಬಂತು. ಗಾಡಿ ಇಳಸು."

ನೀಲವ್ವ ಅವನ ಕಾಲಿಗೆ ಬಿದ್ದಳು. "ನಿಮ್ಮ ಬಾಯಾಗ ಸಕ್ರಿ ಹಾಕಬೇಕು," ಎಂದು ನಗುತ್ತ ಇಳಿದು ಹೋದಳು.

ಬಿಸಿಲೇರುವ ಮುಂಚೆ ಗುರುಗಳು ಬಂದರು.

"ಓದಿದೇನು?"

"ಓದೀನ್ರಿ. ಮೊದಲು ಕಲ್ಲು, ಆಮೇಲೆ ಕೆಂಪು, ಕಡೀಕ ಎಲಿ."

ಗುರುಗಳು ಅವನನ್ನು ಅಡುಗೆಮನೆಗೆ ಕರೆದೊಯ್ದರು.

"ಅಡಗಿಮನಿ ನೆಲ ಕಿತ್ತೈತಿ. ಕರಿಮಣ್ಣು ಕಲಸಿ ಮೆತ್ತು."

ರಾಚಯ್ಯ ಮೆತ್ತಿದ.

"ಅದರ ಮ್ಯಾಲ ಕೆಂಪುಮಣ್ಣು ಬಳಿ."

ಬಳಿದ. ಗುರುಗಳು ಅವನ ಕೈಗೆ ಕುಡುಗೋಲು ಕೊಟ್ಟರು.

"ಕೊಯ್ದು ನೋಡು. ಮ್ಯಾಲ ಯಾವುದೈತಿ?"

"ಕೆಂಪುರಿ."

"ಮೊದಲು ಯಾವುದು ಹಾಕಿದಿ?"

ರಾಚಯ್ಯ ಕುಡುಗೋಲು ಕೆಳಗಿಟ್ಟ. "ಕರಿ."

"ಹೊಳಿನೂ ಹಂಗ ನೆಲ ಬಳೀತೈತಿ. ನೀನು ಗರಿ ಓದಿದಂಗ ಮ್ಯಾಲಿಂದ ಕೆಳಗ ಓದಿಕೊಂಡು ಬಂದಿ."

ಇಬ್ಬರೂ ದಡದ ಬುಡಕ್ಕೆ ಹೋದರು. ಕಪ್ಪು ಮಣ್ಣಿನಲ್ಲಿ ಅಗಲವಾದ ಎಲೆಗಳ ಅಚ್ಚು, ನರ ನರವೂ ಕಾಣುವಂತೆ ಇತ್ತು. ಅದರ ಮೇಲೆ ಇಟ್ಟಿಗೆಯಂಥ ಕೆಂಪು. ಕೆಂಪಿನೊಳಗೆ ಬಿಳಿಯ ಸುಣ್ಣದ ಗಂಟುಗಳು. ಇನ್ನೂ ಮೇಲೆ, ತಲೆಗಾತ್ರದ ಗುಂಡುಕಲ್ಲುಗಳು.

"ಈ ಗಂಟು ಏನ್ರಿ?"

"ನೆಲದ ನೀರು ಬತ್ತಿದಾಗ ಉಳಿದದ್ದು."

"ಕಲ್ಲು?"

"ಬತ್ತಿದ ನೆಲದ ಮ್ಯಾಲ ಒಮ್ಮೆಲೇ ಬಿದ್ದ ಮಳಿ ಹೊತ್ತು ತಂದದ್ದು. ಹ್ವಾದ ವರ್ಷ ಕೇರಿ ಮಂದಿ ಅದರ ಸಪ್ಪಳ ಕೇಳ್ಯಾರ."

ರಾಚಯ್ಯ ನೀಲವ್ವನ ಸುದ್ದಿ ಹೇಳಬೇಕೆಂದು ಬಾಯಿ ತೆರೆದ. ಹೇಳಲಿಲ್ಲ. ತಾನಾಡಿದ ಮಾತು ಎಲ್ಲಾದರೂ ನಿಜವಾದೀತೇ ಎಂಬ ಆಸೆ ಇನ್ನೂ ಇತ್ತು.

"ಅಜ್ಜಾ, ಕೆಂಪಿನ ಮ್ಯಾಲ ಮತ್ತ ಎಲಿ ಬರಲೇ ಇಲ್ಲೇನ್ರಿ?"

ಗುರುಗಳು ದಡ ಹತ್ತಿ, ಅದಕ್ಕೆ ಅಂಟಿಕೊಂಡ ಗುಡ್ಡವನ್ನು ಏರತೊಡಗಿದರು. ರಾಚಯ್ಯ ಹಿಂದೆ ನಡೆದ. ಏರಿದಷ್ಟೂ ಕೆಂಪು. ಅವನು ಏದುಸಿರು ಬಿಟ್ಟು ಕೂತ. ಎದ್ದ. ಮತ್ತೂ ಕೆಂಪು.

ಗುಡ್ಡದ ನೆತ್ತಿಯಲ್ಲಿ ಬೂದಿಬಣ್ಣದ ಮಣ್ಣು ಸಿಕ್ಕಿತು. ಗುರುಗಳು ಒಂದು ಹೆಂಟೆ ಒಡೆದರು. ಒಳಗೆ ಉಗುರಿನಷ್ಟು ಚಿಕ್ಕ ಎಲೆಯ ಅಚ್ಚು.

"ಬಂತಲ್ರಿ ಅಜ್ಜಾ! ಎಲಿ ಬಂತು!"

"ಬಂತು."

"ಹಂಗಾದ್ರ ಬಿಸಿಲು ಹೋತು!"

"ಹೋತು."

"ಮತ್ತ ಕೆಳಗಿನ ಆ ದೊಡ್ಡ ಎಲಿ ಗಿಡ?"

"ಅದು ಬರಲಿಲ್ಲ."

ರಾಚಯ್ಯ ಹೆಂಟೆಯನ್ನು ಕೈಯಲ್ಲಿ ಹಿಡಿದೇ ಇದ್ದ. ಆಮೇಲೆ ಕೆಳಗೆ ಇಟ್ಟ. ಇಬ್ಬರೂ ಇಳಿದು ಬಂದರು.

ದಡದ ಬುಡದಲ್ಲಿ ಅವನು ಕೇಳಿದ, "ನಾವು ಇದರಾಗ ಎಲ್ಲಿದ್ದೀವ್ರಿ?"

ಗುರುಗಳು ಕಪ್ಪು ಮುಗಿದು ಕೆಂಪು ಶುರುವಾಗುವ ಗೆರೆಯ ಮೇಲೆ ಒಂದು ಬೆರಳು ಅಡ್ಡ ಇಟ್ಟರು. ಗೆರೆ ಪೂರ್ತಿ ಮುಚ್ಚಿಹೋಯಿತು.

"ಇಷ್ಟೇನ್ರಿ?"

"ಬಿಸಿಲು ಬರೂದಕ್ಕ ಇಷ್ಟು ಸಾಕಾತು. ಹೋಗೂದಕ್ಕ ಗುಡ್ಡ ಬೇಕಾತು."



"ಅಜ್ಜಾ, ಮುಂಜಾನೆ ನೀಲವ್ವ ಬಂದಿದ್ಳು. ಗಾಡಿ ಹೇರಿದ್ಳು. ಬಿಸಿಲು ಹೋಗತೈತಿ, ಗಾಡಿ ಇಳಸು ಅಂದೆ."

ಗುರುಗಳ ಕೈ ದಡದ ಮೇಲೆಯೇ ನಿಂತಿತು.

"ಇಳಿಸಿದಳೇನು?"

"ನಗಕೋತ ಹ್ವಾದಳ್ರಿ."

"ಇಷ್ಟೊತ್ತು ಯಾಕ ಸುಮ್ಮನಿದ್ದಿ?"

"ಮ್ಯಾಲ ಎಲಿ ಸಿಕ್ಕರ ನನ್ನ ಮಾತು ಉಳೀತೈತಿ ಅಂತ..."

ಗುರುಗಳು ಕೇರಿಯ ಕಡೆ ತಿರುಗಿದರು.

"ಈಗ ಏನಂತ ಹೇಳ್ಲಿ ಅಜ್ಜಾ? ಗುಡ್ಡ ಹತ್ತು ಅಂದರೂ ಗುಡ್ಡದ ತುಂಬ ಕೆಂಪೇ ಐತಿ. ಎಲ್ಲಿಗೆ ಹೋಗು ಅಂತ ಹೇಳ್ಲಿ?"

ತಿರುವಿನ ಮೇಲೆ ಆಕಾಶ ಬೆಳ್ಳಗಿತ್ತು. ಮೋಡವೆಲ್ಲ ದೂರದಲ್ಲಿ, ಹೊಳೆ ಹುಟ್ಟುವ ದಿಕ್ಕಿನಲ್ಲಿ ಕಪ್ಪಾಗಿ ನಿಂತಿತ್ತು. ಕಾಲ ಕೆಳಗಿನ ನೆಲ ಸಣ್ಣಗೆ ನಡುಗಿತು. ಹೊಳೆಯ ಮೇಲ್ಗಡೆಯಿಂದ, ಕಲ್ಲಿಗೆ ಕಲ್ಲು ಬಡಿದುಕೊಂಡು ಉರುಳುವ ಸಪ್ಪಳ ಕೇಳಿಸಿತು.

ರಾಚಯ್ಯ ಗುರುಗಳ ಮುಖ ನೋಡಿದ.

"ಹೇಳೂ ಹೊತ್ತು ಹೋತು," ಎಂದರು ಗುರುಗಳು. "ಓಡು. ಆ ಬಸುರಿನ್ನ ಎತ್ತಿಕೊಂಡು ಕೆಂಪು ಹತ್ತು."