ಮಡಿಯಿಲ್ಲದ ದೀಪ

ಕಾವೇರಮ್ಮನವರ ಮಡಿ ಎಂದರೆ ಇಡೀ ಬೀದಿಗೇ ಗೊತ್ತು. ಎತ್ತರದ ಗಳದ ಮೇಲೆ ಒಣಗಿದ ಸೀರೆಯನ್ನು ಕೋಲಿನಿಂದಲೇ ತೆಗೆಯಬೇಕು. ಉಟ್ಟ ಮೇಲೆ ಬೆಕ್ಕು ಸೋಕಿದರೂ ಮತ್ತೆ ಸ್ನಾನ! ಪಾಪ, ಬೆಕ್ಕಿಗೂ ಅದು ಗೊತ್ತಾಗಿ ದೂರವೇ ಇರುತ್ತಿತ್ತು. ಸೊಸೆ ಭಾಗೀರಥಿ ಅತ್ತೆಯಿಂದಲೇ ಎಲ್ಲ ಕಲಿತು, ದಿನವೂ ಮಡಿಯುಟ್ಟು ಹೂ, ಗಂಧ, ನೈವೇದ್ಯ ಸಮೇತ ಪೂಜೆ ಮಾಡುತ್ತಿದ್ದಳು.

ಒಂದು ದಿನ ಅತ್ತೆ ಬಚ್ಚಲಲ್ಲಿ ಜಾರಿಬಿದ್ದು ಸೊಂಟ ಮುರಿದುಕೊಂಡರು. ಅಂದಿನಿಂದ ಎಲ್ಲವೂ ಹಾಸಿಗೆಯಲ್ಲೇ. ಯಾವ ಹೊತ್ತಿಗೆ ಕರೆಯುತ್ತಾರೋ ಹೇಳುವಂತಿಲ್ಲ. ಬೆಡ್‌ಪ್ಯಾನ್ ತೊಳೆದ ಕೈಯಲ್ಲಿ ದೇವರನ್ನು ಮುಟ್ಟುವುದು ಹೇಗೆ? ಭಾಗೀರಥಿ ದೇವರ ಮನೆಯ ಬಾಗಿಲು ಮುಚ್ಚಿದಳು.

"ಅತ್ತೆ ಎದ್ದು ಓಡಾಡಲಿ ಸ್ವಾಮಿ, ಆಮೇಲೆ ಒಂದೂ ಕಮ್ಮಿ ಇಲ್ಲದ ಹಾಗೆ ಪೂಜೆ ಮಾಡ್ತೀನಿ" ಎಂದು ಹೊರಗಿನಿಂದಲೇ ಕೈಮುಗಿದಳು.

ತಿಂಗಳುಗಳು ಕಳೆದವು. ದೀಪ ಹಚ್ಚುವ ಹೊತ್ತಾದರೆ ಅತ್ತೆ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದರು. ಪೂಜೆ ನಿಲ್ಲಿಸಿದ್ದಕ್ಕೆ ಕೋಪ ಎಂದುಕೊಂಡು ಸೊಸೆ ಕುಗ್ಗಿಹೋದಳು. ಅತ್ತ ದೇವರಿಗೂ ಬೇಡವಾದೆ, ಇತ್ತ ಅತ್ತೆಗೂ ಬೇಡವಾದೆ ಎಂದು ಒಳಗೊಳಗೇ ಕೊರಗಿದಳು.

ಒಂದು ಮಧ್ಯಾಹ್ನ ಡಾಕ್ಟರು ಬಂದು ನೋಡಿ, "ಇನ್ನು ಅವರು ಎದ್ದು ಓಡಾಡೋದು ಕಷ್ಟಾನಮ್ಮ" ಎಂದು ಹೇಳಿಹೋದರು. ಅಲ್ಲಿಗೆ ಆ 'ಆಮೇಲೆ' ಅನ್ನುವುದೂ ಮುಗಿಯಿತು.

ಸಂಜೆ ಅತ್ತೆಯ ಹಾಸಿಗೆ ಬದಲಿಸಿ, ಭಾಗೀರಥಿ ಸೋಪು ಹಾಕಿ ಕೈಕಾಲು ತೊಳೆದಳು. ಸ್ನಾನಕ್ಕೆ ಪುರುಸೊತ್ತಿರಲಿಲ್ಲ. ಉಟ್ಟ ಸೀರೆಯಲ್ಲೇ ದೇವರ ಮನೆಗೆ ಹೋದಳು. ಧೂಳು ಹಿಡಿದಿದ್ದ ದೀಪವನ್ನು ಹುಣಸೆಹಣ್ಣು ಹಾಕಿ ಫಳಫಳ ಹೊಳೆಯುವಂತೆ ಉಜ್ಜಿದಳು. ಹೊಸ ಬತ್ತಿ ಹೊಸೆದು, ಎಣ್ಣೆ ತುಂಬಿ ಹಚ್ಚಿದಳು. ಹೂವಿಲ್ಲ, ಮಂತ್ರವಿಲ್ಲ.

"ಇವತ್ತು ನನ್ನ ಕೈಲಾಗೋದು ಇಷ್ಟೇ ಸ್ವಾಮಿ" ಎಂದಳು.

"ಭಾಗೀ!" ಅತ್ತೆಯ ಕೂಗು ಕೇಳಿ ಅವಳು ಬಾಗಿಲ ಬಳಿಗೆ ಓಡಿಬಂದಳು.

"ತಪ್ಪಾಯ್ತು ಅತ್ತೆ, ಮಡಿ ಇಲ್ಲ..."

"ಬಾಗಿಲು ಪೂರ್ತಿ ತೆಗಿಯೇ. ಇಲ್ಲಿಂದ ನಂಗೂ ದೀಪ ಕಾಣಲಿ." ಕಾವೇರಮ್ಮನವರ ಕಣ್ಣು ತುಂಬಿತ್ತು. "ನನ್ನ ದೆಸೆಯಿಂದ ದೇವರ ಮನೆ ಕತ್ತಲಾಯ್ತಲ್ಲ ಅಂತ ದಿನಾ ಸಂಕಟಪಡ್ತಿದ್ದೆ ಕಣೇ. ಇಷ್ಟು ಹೇಸಿಗೆ ಬಾಚೋ ಹುಡುಗಿಗೆ ದೀಪಾನೂ ಹಚ್ಚು ಅಂತ ಯಾವ ಬಾಯಲ್ಲಿ ಹೇಳಲಿ? ನನ್ನ ಮೈ ತೊಳೆದ ಕೈ ಅದು. ಅದಕ್ಕಿಂತ ಮಡಿ ಇನ್ನೇನೇ ಬೇಕು?"

ಭಾಗೀರಥಿಗೆ ಎದೆಯ ಮೇಲಿನ ಭಾರ ಇಳಿದಂತಾಯಿತು. ಅಳುತ್ತ, ನಗುತ್ತ ಬಾಗಿಲನ್ನು ಪೂರ್ತಿ ತೆರೆದಳು. ದೀಪದ ಬೆಳಕು ಅತ್ತೆಯ ಹಾಸಿಗೆಯವರೆಗೂ ಬಂತು.

ನೀತಿ: ಎಲ್ಲ ಸರಿಹೋಗಲಿ, ಆಮೇಲೆ ದೇವರಿಗೆ ಚೆನ್ನಾಗಿ ಮಾಡೋಣ ಎಂದು ಕಾಯುತ್ತ ಕೂರಬೇಡಿ. ಇಂದು ಇರುವ ಸ್ಥಿತಿಯಲ್ಲೇ ನಮ್ಮ ಕೈಲಾದಷ್ಟನ್ನು ಮನಸ್ಸಿಟ್ಟು ಮಾಡಿದರೆ, ಅದೇ ಪೂರ್ತಿ ಪೂಜೆ.