ಚುಕ್ಕಿಮರಿ ಮತ್ತು ಹೊನ್ನೀರು

ಕಾಲು ಮಡಚಿ ಕೂತಿರಾ? ಕಿವಿ ಇತ್ತ ಕೊಟ್ಟಿರಾ? ಹಾಗಾದರೆ ಹೇಳ್ತೀನಿ.

ಒಂದು ಮೇಕೆ ಇತ್ತು. ಹೆಸರು ಕಪ್ಪಿ. ಕಪ್ಪಿಗೆ ಒಂದು ಮರಿ ಇತ್ತು. ಹಣೆ ಮೇಲೆ ಬಿಳಿ ಚುಕ್ಕಿ. ಅದಕ್ಕೇ ಅದರ ಹೆಸರು ಚುಕ್ಕಿ. ಎರಡನ್ನೂ ಸಾಕಿದವಳು ಬೋರಜ್ಜಿ.

ಚುಕ್ಕಿ ಹಾಲು ಕುಡಿಯೋದು ಹೇಗೆ ಗೊತ್ತಾ? ಮೊದಲು ತಲೆ ತಗ್ಗಿಸುತ್ತೆ. ಕೆಚ್ಚಲಿಗೆ ಡುಬ್ ಅಂತ ಗುದ್ದುತ್ತೆ. ಆಮೇಲೆ ಬಾಲ ಪಟಪಟ ಅಲ್ಲಾಡಿಸ್ತಾ ಕುಡಿಯುತ್ತೆ.

ಒಂದು ಬೆಳಗ್ಗೆ ಚುಕ್ಕಿಯ ಹಾಲು ಹೋಯಿತು. ಕಪ್ಪಿ ತಂತಿಬೇಲಿ ಹಾರಲು ಹೋಗಿ ತೊಡೆ ಸೀಳಿಕೊಂಡಿತ್ತು. ರಕ್ತ ಹರಿಯಿತು, ಹರಿಯಿತು, ತುಂಬಾ ಹರಿಯಿತು. ಡಾಕ್ಟ್ರಮ್ಮ ಬಂದರು. ಗಾಯಕ್ಕೆ ಹೊಲಿಗೆ ಹಾಕಿದರು. ಆದರೂ ಕಪ್ಪಿ ಏಳಲಿಲ್ಲ.

“ಉಳೀತೈತಾ ಡಾಕ್ಟ್ರಮ್ಮ?” ಅಂದಳು ಬೋರಜ್ಜಿ. ಡಾಕ್ಟ್ರಮ್ಮ ಉಪ್ಪುನೀರಿನ ಬಾಟಲಿ ನೇತುಹಾಕಿ ಕಪ್ಪಿಯ ಕತ್ತಿಗೆ ಸೂಜಿ ಚುಚ್ಚಿದರು.

ಚುಕ್ಕಿ ತಲೆ ತಗ್ಗಿಸಿತು. ಡುಬ್ ಅಂತ ಗುದ್ದಿತು.

“ಅಮ್ಮಾ ಅಮ್ಮಾ, ನಂಗೆ ಹಾಲು ಕೊಡು.”

“ಆಗಲ್ಲ ಕಂದ. ರಕ್ತ ಬಂದು ನನ್ನ ಎಬ್ಬಿಸಬೇಕು. ರಕ್ತಾನ ಕೇಳು.”

ಚುಕ್ಕಿ ಅಮ್ಮನ ಮೈಗೆ ಕಿವಿ ಆನಿಸಿತು. ಕಣ್ಣು ಮುಚ್ಚಿತು. ಅಬ್ಬಬ್ಬಾ, ಒಳಗೊಂದು ಊರೇ ಇತ್ತು! ಎಲ್ಲಿ ನೋಡಿದರೂ ಕಾಲುವೆ. ದೊಡ್ಡ ಕಾಲುವೆ, ಸಣ್ಣ ಕಾಲುವೆ, ಕೂದಲಿಗಿಂತ ಸಣ್ಣ ಕಾಲುವೆ. ಅದರಲ್ಲಿ ರಕ್ತ ತೆವಳುತ್ತಿತ್ತು.

“ರಕ್ತವೇ ರಕ್ತವೇ, ಅಮ್ಮನ್ನ ಎಬ್ಬಿಸು. ಅಮ್ಮ ನಂಗೆ ಹಾಲು ಕೊಡಬೇಕು.”

“ಆಗಲ್ಲ ಮರಿ. ನಾಳ ಸೋರ್ತಿದೆ. ನಾಳ ನನ್ನ ಹಿಡಿಯಬೇಕು. ನಾಳಾನ ಕೇಳು.”

ನಾಳ ಅಂದರೆ ಅದೇ, ರಕ್ತ ಹರಿಯೋ ಕಾಲುವೆ. ಚುಕ್ಕಿ ನಾಳಾನ ಕೇಳಿತು.

“ನಾಳವೇ ನಾಳವೇ, ರಕ್ತಾನ ಹಿಡಿ. ರಕ್ತ ಅಮ್ಮನ್ನ ಎಬ್ಬಿಸಬೇಕು. ಅಮ್ಮ ನಂಗೆ ಹಾಲು ಕೊಡಬೇಕು.”

“ಆಗಲ್ಲ ಮರಿ. ನನ್ನ ಒಳಗೋಡೆಗೆ ನುಣ್ಣನೆ ಪೊರೆ ಇತ್ತು. ಅದು ಕಿತ್ತುಹೋಗಿದೆ. ಪೊರೆ ನನ್ನ ಕಾಪಾಡಬೇಕು. ಪೊರೇನ ಕೇಳು.”

ಚುಕ್ಕಿ ಪೊರೇನ ಕೇಳಿತು.

“ಪೊರೆಯೇ ಪೊರೆಯೇ, ನಾಳಾನ ಕಾಪಾಡು. ನಾಳ ರಕ್ತಾನ ಹಿಡಿಯಬೇಕು. ರಕ್ತ ಅಮ್ಮನ್ನ ಎಬ್ಬಿಸಬೇಕು. ಅಮ್ಮ ನಂಗೆ ಹಾಲು ಕೊಡಬೇಕು.”

“ಆಗಲ್ಲ ಮರಿ. ಹೊನ್ನೀರು ಬಂದು ನನ್ನ ಕಟ್ಟಬೇಕು. ಹೊನ್ನೀರನ್ನ ಕೇಳು.”

ಹೊನ್ನೀರು ಯಾವುದು? ರಕ್ತದೊಳಗೆ ಇರೋ ಹಳದಿ ನೀರು. ಡಾಕ್ಟ್ರಮ್ಮ ಅದಕ್ಕೆ ಪ್ಲಾಸ್ಮಾ ಅಂತಾರೆ. ನಾವು ಹೊನ್ನೀರು ಅನ್ನೋಣ.

ಅಷ್ಟರಲ್ಲಿ ಬಾಟಲಿಯಿಂದ ಉಪ್ಪುನೀರು ಇಳಿದು ಬಂತು. “ನಾನಿಲ್ವಾ? ನಾನೂ ನೀರೇ,” ಅಂತ ಜಂಬ ಕೊಚ್ಚಿತು. ನಾಳ ತುಂಬಿತು. ಕಪ್ಪಿ ಒಂದು ಕಣ್ಣು ತೆರೆಯಿತು. ಆಮೇಲೆ? ಪೊರೆ ಇಲ್ಲದ ಗೋಡೆ ತಾನೇ! ಉಪ್ಪುನೀರು ಜಿನುಗಿ ಜಿನುಗಿ ಸೋರಿಹೋಯಿತು. ಕಪ್ಪಿ ಮತ್ತೆ ಕಣ್ಣು ಮುಚ್ಚಿತು. ಚುಕ್ಕಿಗೆ ಅಳು ಬಂತು.

ಡಾಕ್ಟ್ರಮ್ಮ ಐಸ್ ಪೆಟ್ಟಿಗೆ ತೆಗೆದರು. ಒಳಗೆ ಒಂದು ಚೀಲ. ಚೀಲದಲ್ಲಿ ಹೊನ್ನೀರು, ಕಲ್ಲಿನ ಹಾಗೆ ಹೆಪ್ಪುಗಟ್ಟಿ ಕೂತಿತ್ತು.

“ಹೊನ್ನೀರೇ ಹೊನ್ನೀರೇ, ಪೊರೇನ ಕಟ್ಟು. ಪೊರೆ ನಾಳಾನ ಕಾಪಾಡಬೇಕು. ನಾಳ ರಕ್ತಾನ ಹಿಡಿಯಬೇಕು. ರಕ್ತ ಅಮ್ಮನ್ನ ಎಬ್ಬಿಸಬೇಕು. ಅಮ್ಮ ನಂಗೆ ಹಾಲು ಕೊಡಬೇಕು.”

“ಕಟ್ತಿದ್ದೆ ಮರಿ. ನಿಮ್ಮೂರ ಗಡ್ಡಪ್ಪ ಇದ್ದಾನಲ್ಲ, ನಿನ್ನ ಕಂಡರೆ ಕೊಂಬು ತೋರಿಸೋ ದೊಡ್ಡ ಹೋತ? ಡಾಕ್ಟ್ರಮ್ಮ ಹಿಂದೆ ತೆಗೆದಿಟ್ಟ ಅವನ ರಕ್ತದಿಂದ ಬಂದವನು ನಾನು. ಅದೆಲ್ಲಾ ಸರಿ, ಈಗ ಹೆಪ್ಪುಗಟ್ಟಿದ್ದೀನಿ. ಬಿಸಿನೀರು ನನ್ನ ಕರಗಿಸಬೇಕು. ಬಿಸಿನೀರನ್ನ ಕೇಳು.”

ಬಿಸಿನೀರು ಬೋರಜ್ಜಿಯ ಒಲೆ ಮೇಲೆ ಕೊತಕೊತ ಅಂತಿತ್ತು.

“ಬಿಸಿನೀರೇ ಬಿಸಿನೀರೇ, ಹೊನ್ನೀರನ್ನ ಕರಗಿಸು. ಹೊನ್ನೀರು ಪೊರೇನ ಕಟ್ಟಬೇಕು. ಪೊರೆ ನಾಳಾನ ಕಾಪಾಡಬೇಕು. ನಾಳ ರಕ್ತಾನ ಹಿಡಿಯಬೇಕು. ರಕ್ತ ಅಮ್ಮನ್ನ ಎಬ್ಬಿಸಬೇಕು. ಅಮ್ಮ ನಂಗೆ ಹಾಲು ಕೊಡಬೇಕು.”

“ಕರಗಿಸ್ತೀನಿ ಮರಿ. ಎಷ್ಟು ಬಿಸಿ ಇರಲಿ? ಅದು ನಂಗೆ ಗೊತ್ತಿಲ್ಲ.”

ಬೋರಜ್ಜಿ ಕುದಿಯೋ ನೀರನ್ನೇ ಪಾತ್ರೆಗೆ ಸುರಿದಳು. ಬಿಸಿ ಹೆಚ್ಚಾದಷ್ಟೂ ಬೇಗ ಕರಗುತ್ತೆ ಅಂತ ಅವಳ ಲೆಕ್ಕ.

“ಅಯ್ಯೋ ಬ್ಯಾಡ ಅಜ್ಜಿ,” ಅಂದರು ಡಾಕ್ಟ್ರಮ್ಮ. “ಸುಡೋ ನೀರಲ್ಲಿ ಇಟ್ಟರೆ ಹೊನ್ನೀರು ಕೆಟ್ಟೋಗುತ್ತೆ. ಮೈಬಿಸಿಯಷ್ಟೇ ಇರಬೇಕು.”

ಚುಕ್ಕಿ ಪಾತ್ರೆಗೆ ಮೂತಿ ಇಟ್ಟಿತು. ಹಾ! ಸುಡ್ತು. ಹಿಂದೆ ಸರಿಯಿತು. ಬೋರಜ್ಜಿ ತಣ್ಣೀರು ಬೆರೆಸಿದಳು. ಚುಕ್ಕಿ ಮೂತಿ ಇಟ್ಟಿತು. ಇನ್ನೂ ಬಿಸಿ. ಹಿಂದೆ ಸರಿಯಿತು. ಬೋರಜ್ಜಿ ಇನ್ನಷ್ಟು ತಣ್ಣೀರು ಬೆರೆಸಿದಳು. ಚುಕ್ಕಿ ಮೂತಿ ಇಟ್ಟಿತು. ತಲೆ ತಗ್ಗಿಸಿತು. ಪಾತ್ರೆಗೆ ಡುಬ್ ಅಂತ ಗುದ್ದಿತು. ಬಾಲ ಪಟಪಟ ಅಲ್ಲಾಡಿಸಿತು.

ಬೋರಜ್ಜಿ ನಕ್ಕಳು. “ಇಷ್ಟೇ ಸಾಕು ಡಾಕ್ಟ್ರಮ್ಮ. ಇದು ಕೆಚ್ಚಲ ಬಿಸಿ. ಮರಿ ಬಾಲ ಸುಳ್ಳು ಹೇಳಲ್ಲ.”

ಡಾಕ್ಟ್ರಮ್ಮ ಬೆರಳು ಅದ್ದಿ ನೋಡಿದರು. ಹೂಂ ಅಂದರು. ಚೀಲ ನೀರಿಗಿಟ್ಟರು.

ಬಿಸಿನೀರು ಹೊನ್ನೀರನ್ನ ಕರಗಿಸಿತು. ಹೊನ್ನೀರು ತೊಟ್ಟು ತೊಟ್ಟಾಗಿ ಇಳಿಯಿತು, ಪೊರೇನ ಕಟ್ಟಿತು. ಪೊರೆ ನಾಳಾನ ಕಾಪಾಡಿತು. ನಾಳ ರಕ್ತಾನ ಹಿಡಿಯಿತು. ರಕ್ತ ಅಮ್ಮನ್ನ ಎಬ್ಬಿಸಿತು.

ಒಂದು ಕಾಲು ಎದ್ದಿತು. ಇನ್ನೊಂದು ಕಾಲು ಎದ್ದಿತು. ಕಪ್ಪಿ ಎದ್ದು ನಿಂತಿತು. ಬೋರಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆಚೆ ಗಡ್ಡಪ್ಪ ತನಗೇನೂ ಗೊತ್ತಿಲ್ಲ ಅನ್ನೋ ಹಾಗೆ ಮೆಲುಕು ಹಾಕ್ತಿದ್ದ. ಚುಕ್ಕಿ ಅವನನ್ನ ನೋಡಿತು. ಅಮ್ಮನ್ನ ನೋಡಿತು. ಅವನ ಹೊನ್ನೀರು ಅಮ್ಮನ ಒಳಗೆ, ಕೂದಲಿಗಿಂತ ಸಣ್ಣ ಕಾಲುವೆಗಳಲ್ಲಿ, ಗೋಡೆ ಕಟ್ಟುತ್ತಾ ಹರೀತಿತ್ತು. ಚುಕ್ಕಿ ಬೆರಗಾಗಿ ಹಸಿವನ್ನೇ ಮರೆತು ನಿಂತಿತು.

ಆಮೇಲೆ ಹಸಿವು ನೆನಪಾಯಿತು. ಚುಕ್ಕಿ ತಲೆ ತಗ್ಗಿಸಿತು. ಈ ಸಲ ಮೆತ್ತಗೆ, ತುಂಬಾ ಮೆತ್ತಗೆ ಗುದ್ದಿತು. ಅಮ್ಮ ಹಾಲು ಕೊಟ್ಟಿತು.

ಹಾಲು ಎಷ್ಟು ಬೆಚ್ಚಗಿತ್ತು ಗೊತ್ತಾ? ಆ ಪಾತ್ರೆಯ ನೀರಿನಷ್ಟೇ.