ಕಡಲೆ ಬೇರಿನ ಗಂಟುಗಳು ಒಲೆ ಆರಿಸಿದ್ದು

“ಮತ್ತ ಬಂದೆಲ್ಲಾ! ಒಂದು ಸಾಲರೆ ನೆಟ್ಟಗ ಚಿವುಟಾಕ ಬಿಡವಲ್ಲಿ. ಈಗೇನು, ನೀರಡಿಕಿಯೋ, ಮುಳ್ಳೋ?” ಕಡಲೆ ಹೊಲದಲ್ಲಿ ಬಗ್ಗಿದ್ದ ನೀಲಾ ತಲೆ ಎತ್ತದೆಯೇ ಗದರಿದಳು.

ಅವಳ ಉಡಿಯ ತುಂಬ ಕಡಲೆಯ ಎಳೆಕುಡಿ. ಹೂ ಬರುವ ಮುಂಚೆ ತುದಿ ಚಿವುಟಿದರೆ ಗಿಡ ಕವಲೊಡೆಯುತ್ತದೆ, ಮನೆಗೆ ಪಲ್ಯವೂ ಆಗುತ್ತದೆ.

ಮಗಳು ಸಂಗಿ ಕೈ ಚಾಚಿದಳು. ತುದಿಯಷ್ಟೇ ಅಲ್ಲ, ಒಂದಿಡೀ ಗಿಡದ ಎಲೆ, ಟೊಂಗೆ ಎಲ್ಲ ಅವಳ ಮುಷ್ಟಿಯಲ್ಲಿತ್ತು. ಸಾಲಿನಲ್ಲಿ ಬೆರಳುದ್ದದ ಮೋಟು ಉಳಿದಿತ್ತು.

“ಭೇಷ್! ಕುಡಿ ಚಿವುಟು ಅಂದ್ರ ಕ್ಷೌರಾ ಮಾಡಿ ಬಂದೀಯಲ್ಲ!”

“ಅವ್ವಾ, ಇದು ಸಾಯ್ತೈತೇನು?” ಸಂಗಿ ಅಳುಮೋರೆ ಮಾಡಿ ಕೇಳಿದಳು.

ನೀಲಾಳ ದನಿ ಮೆತ್ತಗಾಯಿತು. ಮಗಳನ್ನು ಬದುವಿನ ಮೇಲೆ ಪಕ್ಕಕ್ಕೆ ಕೂರಿಸಿಕೊಂಡಳು. “ಅಳಬ್ಯಾಡ. ಇದಕ್ಕೊಂದು ಕತಿ ಐತಿ. ನಡುವ ಬಾಯಿ ಹಾಕಿದ್ರ ನೋಡು ಮತ್ತ.”

ಭೂಮಿ ಇನ್ನೂ ಹಸಿಹಸಿಯಾಗಿದ್ದ ಕಾಲ. ಸೂರ್ಯನಿಗೂ ದಾರಿ ರೂಢಿಯಾಗಿರಲಿಲ್ಲ. ಆಗ ಮೊದಲ ಕಡಲೆ ಗಿಡದ ಬೇರಿನ ಬಾಗಿಲಿಗೆ, ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ಬಂದು ನಿಂತವು.

“ಬೇರಕ್ಕಾ, ಇರಾಕ ಒಂದೀಟು ಜಾಗ ಕೊಡ್ತೀಯೇನು?”

“ಸುಮ್ಮನ ಕುಂತು ಉಣ್ಣೋರಿಗೆ ಇಲ್ಲಿ ಜಾಗ ಇಲ್ಲ.”

“ನಮಗ ಗಾಳೀನ ಅಡಗಿ ಮಾಡೂದು ಗೊತ್ತೈತಿ. ಅದನ್ನ ಉಂಡ್ರ ಗಿಡಕ್ಕ ಬಲ ಬರತೈತಿ.”

ಬೇರು ಪುಟ್ಟ ಪುಟ್ಟ ಗಂಟಿನಂಥ ಕೋಣೆಗಳನ್ನು ಕಟ್ಟಿಕೊಟ್ಟಿತು. ಎಲೆ ಬಿಸಿಲಿನಿಂದ ಸಿಹಿ ಮಾಡಿ ಕೆಳಗೆ ಕಳಿಸಿತು. ಜೀವಿಗಳು ಆ ಸಿಹಿಯನ್ನೇ ಒಲೆಗೆ ಹಾಕಿ, ಗಾಳಿಯನ್ನು ಬೇಯಿಸಿ ಮೇಲೆ ಕಳಿಸಿದವು. ಸಿಹಿ ಕೆಳಗೆ, ಬಲ ಮೇಲೆ. ಸಿಹಿ ಕೆಳಗೆ, ಬಲ ಮೇಲೆ. ಒಲೆ ಉರಿದು ಉರಿದು ಕೋಣೆಗಳ ಒಳಗೋಡೆ ಕೆಂಪಗಾಯಿತು.

ಹೀಗಿರುವಾಗ ಒಂದು ಕುರಿ ಬಂತು. ಲೋಕವೇ ಹೊಸದು; ಎಷ್ಟು ತಿನ್ನಬೇಕೆಂದು ಅದಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ. ಕುಡಿ ತಿಂದಿತು, ಎಲೆ ತಿಂದಿತು, ಟೊಂಗೆಯನ್ನೂ ತಿಂದು ತೇಗಿತು.

“ಅದಕ್ಕ ಬೈಯಾಕ ಅವ್ವ ಇದ್ದಿಲ್ಲೇನು?” ಎಂದಳು ಸಂಗಿ.

“ಇದ್ದಿದ್ರ ಅದೂ ನನ್ನಂಗ ಗಂಟಲು ಹರಕೊಂತಿತ್ತು. ಕೇಳು ಸುಮ್ಮನ.”

ಕೆಳಗೆ ಸಿಹಿ ಬರುವುದು ನಿಂತಿತು. “ಬೇರಕ್ಕಾ, ಒಲಿಗೆ ಹಾಕಾಕ ಏನೂ ಇಲ್ಲ!” ಎಂದು ಕೋಣೆ ಕೋಣೆಯಿಂದ ಕೂಗೆದ್ದಿತು.

ಬೇರು ಮೆಲ್ಲಗೆ ಹೇಳಿತು: “ಮ್ಯಾಲ ಒಂದು ಎಲಿನೂ ಉಳದಿಲ್ರವ್ವಾ. ನನ್ನ ಹತ್ರ ಒಂದು ಹಿಡಿ ಸಿಹಿ ಐತಿ. ನೀವು ಉಂಡ್ರ ಚಿಗುರು ಬರಂಗಿಲ್ಲ. ಚಿಗುರಿಗೆ ಕೊಟ್ರ ನಿಮಗ ಉಪಾಸ.”

ಆಗ ಎಲ್ಲಕ್ಕಿಂತ ಹಳೆಯ ಕೋಣೆಯಿಂದ ಮಾತು ಬಂತು: “ಚಿಗುರಿಗೇ ಕೊಡು. ಎಲಿನ ಇಲ್ಲಂದ ಮ್ಯಾಲ ನಾವು ಯಾರಿಗಂತ ಬೇಯಿಸೂದು?”

ಆ ಕೋಣೆ ಒಲೆ ಆರಿಸಿತು. ಪಕ್ಕದ್ದೂ ಆರಿಸಿತು. ಅದರ ಪಕ್ಕದ್ದೂ ಆರಿಸಿತು. ಕೆಂಪು ಗೋಡೆಗಳು ಹಸಿರುಗಟ್ಟಿ ಮಂಕಾದವು. ಹಳೆಯ ಕೋಣೆಗಳು ಕುಸಿದು, ಕೂಡಿಟ್ಟಿದ್ದನ್ನೆಲ್ಲ ಬೇರಿಗೂ ಮಣ್ಣಿಗೂ ಬಿಟ್ಟುಕೊಟ್ಟವು. ತೀರ ಎಳೆಯ ಕೋಣೆಗಳು ಮಾತ್ರ ಬೂದಿಯಡಿ ಕೆಂಡ ಮುಚ್ಚಿಟ್ಟು ಕಾದವು. ಹಸಿದುಕೊಂಡೇ ಕಾದವು.

ಕೊನೆಗೊಮ್ಮೆ ಮೋಟಿನ ಮಗ್ಗುಲಲ್ಲಿ ಸಾಸಿವೆಯಷ್ಟು ಹಸಿರು ಮೂಡಿತು. ಅದು ಎಲೆಯಾಯಿತು, ಎಲೆ ಬಿಸಿಲಿಗೆ ಮುಖ ಕೊಟ್ಟಿತು, ಸಿಹಿ ಮತ್ತೆ ಕೆಳಗಿಳಿಯಿತು. ಜೀವಿಗಳು ಕೆಂಡ ಊದಿದವು. ಕೋಣೆಗಳು ಕೆಂಪಾದವು. ಕುಸಿದವುಗಳ ಬದಲಿಗೆ ಬೇರು ಹೊಸ ಕೋಣೆಗಳನ್ನು ಕಟ್ಟಿತು.

ಅದಕ್ಕೇ ಇವತ್ತಿಗೂ ಎಲೆ ತುಂಬಿದ ಕಡಲೆ ಗಿಡದ ಬೇರಿನ ಗಂಟು ಒಡೆದರೆ ಒಳಗೆ ಕೆಂಪು; ಕುರಿ ಮೇಯ್ದ ಗಿಡದ ಗಂಟು ಒಡೆದರೆ ಆರಿದ ಒಲೆಯ ಮಂಕು.

ಸಂಗಿ ಮೋಟಿನ ಬುಡಕ್ಕೆ ಕಿವಿ ಹಚ್ಚಿದಳು. “ಅವ್ವಾ, ಇದರ ಕೋಣಿಗಳು ಕೆಂಡ ಮುಚ್ಚಿಟ್ಟಾವೋ, ಪೂರಾ ಆರಿಸ್ಯಾವೋ?”

“ನೋಡಬೇಕಂದ್ರ ಕೀಳಬೇಕು.”

“ಕಿತ್ತರ ಗಿಡ ಸಾಯ್ತೈತಿ.”

“ಹೂಂ.”

“ಮತ್ತ, ಕೀಳದ ಹೆಂಗ ತಿಳೀತೈತಿ?”

“ಚಿಗುರು ಬರೂತನಕ ಕಾಯಬೇಕು,” ಎಂದಳು ನೀಲಾ. ಆಮೇಲೆ ಬಗ್ಗಿ ಮೋಟಿನ ಸುತ್ತ ಎರಡು ಹಿಡಿ ಮಣ್ಣು ಏರಿಸಿದಳು.